ಅನಸೂಯಮ್ಮನ ಮುಖದ ಒಂದೇ ಪ್ರತಿ

ಮೊದಲೇ ಕ್ಷಮೆ ಕೇಳಿಬಿಡುವುದು ಒಳ್ಳೆಯದು. ಇದು ಒಂದು ಚಿತ್ರದ ಕಥೆ. ಹೇಳುತ್ತಿರುವವರಿಗೆ ಚಿತ್ರಕಲೆ ಬಾರದು. ಲೋಹದ ತಗಡಿನ ಮೇಲೆ ಸೂಜಿಯಿಂದ ಗೀರಿ, ಆಸಿಡ್ಡಿನಲ್ಲಿ ಅದ್ದಿ, ಕಾಗದಕ್ಕೆ ಒತ್ತಿ ತೆಗೆಯುವ ಎಚಿಂಗ್ ಎಂಬ ಕೆಲಸವನ್ನು ಕೇಳಿ ತಿಳಿದದ್ದೇ ಹೊರತು ಕೈಯಾರೆ ಮಾಡಿದ್ದಲ್ಲ. ಅದೂ ಅಲ್ಲದೆ ಇದರಲ್ಲಿ ಬರುವ ಅಕ್ಕತಂಗಿಯರಿಬ್ಬರೂ ದೇವರ ದಯದಿಂದ ಗಟ್ಟಿಮುಟ್ಟಾಗಿದ್ದಾರೆ, ಇಬ್ಬರಿಗೂ ಕನ್ನಡ ಓದಲು ಬರುತ್ತದೆ. ಹಾಗಾಗಿ ಒಂದೊಂದು ಮಾತನ್ನೂ ಎರಡೆರಡು ಸಲ ಯೋಚಿಸಿಯೇ ಬರೆದದ್ದು. ಆದರೂ ಹೆಚ್ಚುಕಡಿಮೆ ಆಗಿದ್ದರೆ ತಪ್ಪು ಹೇಳಿದವರದು, ನಡೆದುಕೊಂಡವರದಲ್ಲ.

ಅನಸೂಯಮ್ಮನಿಗೆ ಅರವತ್ತಮೂರು. ತವರು ಹಿರಿಯೂರು, ಮನೆ ವಿಶಾಖಪಟ್ಟಣದ ದ್ವಾರಕಾ ನಗರದಲ್ಲಿ, ಬ್ಯಾಂಕುಗಳ ಸಾಲಿನ ಹಿಂದಿನ ಗಲ್ಲಿಯ ಎರಡನೇ ಮಹಡಿ. ಗಂಡ ಅಣ್ಣಪ್ಪನವರು ಬ್ಯಾಂಕಿನಲ್ಲಿದ್ದವರು. ಮೂರು ವರ್ಷದ ಮಟ್ಟಿಗೆಂದು ವರ್ಗವಾಗಿ ಬಂದರು, ಆಮೇಲೆ ಹಿಂದಕ್ಕೆ ವರ್ಗ ಕೇಳುವ ಅರ್ಜಿಯನ್ನು ಪ್ರತಿ ವರ್ಷ ಬರೆದು ಪ್ರತಿ ವರ್ಷ ಜೇಬಿನಲ್ಲೇ ಇಟ್ಟುಕೊಂಡು, ಕೊನೆಗೆ ಇಲ್ಲೇ ನಿವೃತ್ತರಾಗಿ ಇಲ್ಲೇ ಉಳಿದರು. ಕೇಳಿದರೆ, “ಸಮುದ್ರ ಬಿಟ್ಟು ಬರಕ್ಕೆ ಮನಸ್ಸಾಗ್ಲಿಲ್ಲ” ಎನ್ನುತ್ತಾರೆ. ಸಮುದ್ರದ ಕಡೆ ಅವರು ಹೋಗುವುದು ಊರಿಂದ ನೆಂಟರು ಬಂದಾಗ ಮಾತ್ರ.

ಅನಸೂಯಮ್ಮನಿಗೆ ಒಬ್ಬ ಅಕ್ಕ, ಭ್ರಮರಾಂಬ. ಎರಡು ವರ್ಷ ಹಿರಿಯರು. ಅವರನ್ನು ಕೊಟ್ಟದ್ದು ವಿಜಯವಾಡದ ರಾಮ್‌ಪ್ರಸಾದರಿಗೆ. ಎರಡು ತಲೆಮಾರಿನಿಂದ ಕನ್ನಡದ ಹೆಣ್ಣು ತಂದುಕೊಳ್ಳುತ್ತಿದ್ದ ತೆಲುಗು ಮನೆ ಅದು. ಅಡುಗೆಮನೆಯಲ್ಲಿ ಕನ್ನಡ, ಹಜಾರದಲ್ಲಿ ತೆಲುಗು, ಜಗಳಕ್ಕೆ ಎರಡೂ.

ಅಕ್ಕತಂಗಿಯರು ಒಂದೇ ಅಚ್ಚಿನವರು. ಆದರೆ ಇಬ್ಬರು ಒಂದೇ ಥರ ಇದ್ದರೆ ಲೋಕ ಮೊದಲು ನೋಡಿದವರನ್ನೇ ನೆನಪಿಟ್ಟುಕೊಳ್ಳುತ್ತದೆ. ಹಿರಿಯೂರಿನ ಶಾಲೆಯಲ್ಲಿ ಮೇಷ್ಟ್ರು ಅನಸೂಯಮ್ಮನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. “ಭ್ರಮರಾಂಬನ ತಂಗಿ, ನೀನು ಹೇಳಮ್ಮ” ಎನ್ನುತ್ತಿದ್ದರು. ಅಕ್ಕ ಹಾಕಿ ಬಿಟ್ಟ ಲಂಗ, ಅಕ್ಕ ಓದಿ ಬಿಟ್ಟ ಪುಸ್ತಕ, ಅಕ್ಕನಿಗೆ ಬಂದು ಹೋಗಿ ಉಳಿದ ಮಂಗನಬಾವು. ಕೊನೆಗೆ ಅನಸೂಯಮ್ಮನ ಮದುವೆಯ ಆಲ್ಬಮ್ಮಿನಲ್ಲೂ ಫೋಟೋದವನು ಮೊದಲ ನಾಲ್ಕು ಪುಟ ಭ್ರಮರಾಂಬನನ್ನೇ ತೆಗೆದಿದ್ದ. ರೇಷ್ಮೆ ಸೀರೆ, ಮುಡಿ ತುಂಬ ಹೂವು, ಎಲ್ಲರಿಗಿಂತ ಜೋರು ಮಾತು. ಇವಳೇ ಮದುಮಗಳು ಎಂದುಕೊಂಡನಂತೆ, ಪಾಪ.

ನೋಡಿದವರಿಗೆ ಗುರುತು ಹಿಡಿಯಲು ಇದ್ದದ್ದು ಒಂದೇ ಗುರುತು, ಮೂಗುತಿ. ತವರಿನಲ್ಲಿ ಇಬ್ಬರಿಗೂ ಎಡಕ್ಕೆ ಚುಚ್ಚಿಸಿದ್ದರು. ಭ್ರಮರಾಂಬ ವಿಜಯವಾಡಕ್ಕೆ ಕಾಲಿಟ್ಟ ವಾರದಲ್ಲೇ ಅತ್ತೆ, “ನಮ್ಮ ಮನೆ ಹೆಣ್ಣುಮಕ್ಕಳಿಗೆ ಬಲಕ್ಕೆ” ಎಂದು ಅಕ್ಕಸಾಲಿಯನ್ನು ಮನೆಗೇ ಕರೆಸಿ ಬಲಕ್ಕೆ ಚುಚ್ಚಿಸಿದರು. ಎಡಗಡೆಯ ತೂತು ತಾನಾಗಿ ಮುಚ್ಚಿಹೋಯಿತು. ಅಂದಿನಿಂದ ಇಂದಿನವರೆಗೆ ನೆಂಟರಿಷ್ಟರಿಗೆಲ್ಲ ಅದೇ ಲೆಕ್ಕ: ಎಡಕ್ಕಿದ್ದರೆ ಅನಸೂಯ, ಬಲಕ್ಕಿದ್ದರೆ ಭ್ರಮರಾಂಬ. ಹೆಸರು ಕೂಗುವ ಮೊದಲು ಎಲ್ಲರ ಕಣ್ಣೂ ಒಂದು ಗಳಿಗೆ ಮೂಗಿಗೆ ಹೋಗಿ ಬರುತ್ತದೆ.

ಇಷ್ಟು ತಿಳಿದಿದ್ದರೆ ಮುಂದಿನದು ಸುಲಭ.

ಭ್ರಮರಾಂಬನ ಮೊಮ್ಮಗಳು ಹಿಮಬಿಂದು. ಮಗನ ಮಗಳು, ಅಪ್ಪ ಗನ್ನವರಂ ವಿಮಾನ ನಿಲ್ದಾಣದಲ್ಲಿ ಕೆಲಸದಲ್ಲಿದ್ದಾನೆ. ಚಿತ್ರಕಲೆ ಕಲಿಯಲು ವಿಶಾಖಪಟ್ಟಣಕ್ಕೆ ಬಂದ ಹುಡುಗಿ ಹಾಸ್ಟೆಲ್ ಊಟ ಸೇರದೆ ಎರಡನೇ ತಿಂಗಳಲ್ಲೇ ಅನಸೂಯಮ್ಮನ ಮನೆಗೆ ಬಂದು ಬಿದ್ದಳು. ವಿಜಯವಾಡದ ಅಜ್ಜಿ ಅವಳಿಗೆ ‘ನಾನಮ್ಮ’, ಇಲ್ಲಿಯವರು ‘ಚಿಕ್ಕಜ್ಜಿ’. ಕನ್ನಡ ಅರ್ಥವಾಗುತ್ತದೆ; ಮಾತಾಡಲು ಹೊರಟರೆ ನಾಲ್ಕನೇ ಪದಕ್ಕೆ ತೆಲುಗು ಬಂದು ಕೈಹಿಡಿಯುತ್ತದೆ.

ಒಂದು ಸಂಜೆ ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು, “ಚಿಕ್ಕಜ್ಜಿ, ನಿನ್ನ ಮುಖ ಕೊಡ್ತೀಯಾ?” ಎಂದಳು.

“ಏನು ಕೊಡೋದೇ? ಎಲ್ಲಾ ನೀವೇ ತಗೊಂಡು ಉಳಿದಿರೋದು ಅದೊಂದು.”

“ಎಚಿಂಗ್‌ಗೆ. ಫಸ್ಟ್ ಪೋರ್ಟ್ರೇಟ್ ಮಾಡ್ಬೇಕು. ಸುಮ್ನೆ ಕೂತ್ಕೋಬೇಕು, ಅಂತೇ… ಅಷ್ಟೇ.”

“ನಂದ್ಯಾಕೆ? ನಿಮ್ಮ ನಾನಮ್ಮಂದು ಮಾಡು. ಒಳ್ಳೇ ಕಳೆ ಇರೋ ಮುಖ.”

ಹುಡುಗಿ ತಲೆಯಾಡಿಸಿದಳು. “ನಾನಮ್ಮ ಕೂತ್ರೆ ಮಾತಾಡ್ತಾಳೆ. ಬಾಯಿ ಒಂದು ಕಡೆ ನಿಲ್ಲಲ್ಲ. ನಿನ್ನ ಮುಖ ಸೈಲೆಂಟು.”

ಪೇಪರು ಓದುತ್ತಿದ್ದ ಅಣ್ಣಪ್ಪನವರು ಹಜಾರದಿಂದಲೇ ಹೇಳಿದರು: “ಮೂವತ್ತೆಂಟು ವರ್ಷ ಸಂಸಾರ ಮಾಡಿದೀನಿ ಮಗಳೇ, ಆ ಸೈಲೆಂಟ್ ಮುಖ ನಂಗೂ ಸ್ವಲ್ಪ ತೋರಿಸಿಕೊಡು.”

ಕೂತದ್ದು ಹದಿನಾಲ್ಕು ಸಂಜೆ ಎಂದು ಅನಸೂಯಮ್ಮ ಹೇಳುತ್ತಾರೆ. ಹನ್ನೊಂದೇ ಎಂದು ಅಣ್ಣಪ್ಪನವರ ವಾದ. ನಡುವೆ ಮೂರು ಸಂಜೆ ಕರೆಂಟಿರಲಿಲ್ಲ ಎಂಬುದನ್ನು ಇಬ್ಬರೂ ಒಪ್ಪುತ್ತಾರೆ, ಆದ್ದರಿಂದ ಇಬ್ಬರೂ ಸರಿ ಇರಬಹುದು. ಬಾಲ್ಕನಿಯ ಬಾಗಿಲಿಗೆ ಎದುರಾಗಿ ಬೆತ್ತದ ಕುರ್ಚಿ. ಚಳಿ ಇಲ್ಲದಿದ್ದರೂ ಎರಡು ಹೆಗಲ ಮೇಲೂ ಸೆರಗು ಹೊದ್ದು ಅನಸೂಯಮ್ಮ ಕೂರುತ್ತಿದ್ದರು. ಎದುರಿಗೆ ಹಿಮಬಿಂದು, ಮಡಿಲಲ್ಲಿ ಕಪ್ಪು ಮೇಣ ಸವರಿದ ಜಿಂಕ್ ತಗಡು, ಕೈಯಲ್ಲಿ ಸೂಜಿ. ಮೇಣದ ಮೇಲೆ ಸೂಜಿ ಗೀರಿದ ಕಡೆಯೆಲ್ಲ ಲೋಹ ಹೊಳೆಯುತ್ತದೆ. ಆಮೇಲೆ ಆಸಿಡ್ಡಿಗೆ ಹಾಕಿದರೆ ಆ ಗೀರನ್ನಷ್ಟೇ ಅದು ತಿಂದು ಹಳ್ಳ ಮಾಡುತ್ತದೆ. ಹಳ್ಳಕ್ಕೆ ಶಾಯಿ ತುಂಬಿ ಕಾಗದಕ್ಕೆ ಒತ್ತುವುದು. ಹುಡುಗಿ ವಿವರಿಸಿದ್ದು ಹೀಗೆ. ಅನಸೂಯಮ್ಮನಿಗೆ ತಿಳಿದದ್ದು, “ಹಾಗಾದ್ರೆ ಹಚ್ಚೆ ಹುಯ್ಯೋ ಥರ” ಎಂದು. ಅಷ್ಟು ಸಾಕಿತ್ತು.

ಆ ಸಂಜೆಗಳು ಅವರಿಗೆ ಹೇಗನಿಸಿದವು ಎಂಬುದನ್ನು ಸರಿಯಾಗಿ ಹೇಳುವುದು ಕಷ್ಟ. ಮೊದಲೆರಡು ದಿನ ಬೆನ್ನು ನೋವು, ಸಂಕೋಚ, ಒಲೆಯ ಮೇಲಿನ ಸಾರಿನ ಚಿಂತೆ. ಮೂರನೇ ದಿನ ಹುಡುಗಿ ಕಣ್ಣು ಕಿರಿದು ಮಾಡಿ, “ಚಿಕ್ಕಜ್ಜಿ, ನಿನ್ನ ಮೇಲಿನ ತುಟಿ ಹತ್ರ ಒಂದು ಗೀಟು ಉಂದಿ. ನಗೋಕೆ ಮುಂಚೇನೇ ಅದು ನಗುತ್ತೆ” ಎಂದಳು. ಅಂಥ ಗೀಟು ತಮ್ಮ ಮುಖದಲ್ಲಿದೆ ಎಂದು ಅರವತ್ತಮೂರು ವರ್ಷದಲ್ಲಿ ಯಾರೂ ಹೇಳಿರಲಿಲ್ಲ. ಆ ರಾತ್ರಿ ಮುಖ ತೊಳೆಯುವಾಗ ಕನ್ನಡಿಯಲ್ಲಿ ಹುಡುಕಿದರು. ಇತ್ತು. ಯಾರ ಪಕ್ಕದಲ್ಲೂ ಅಲ್ಲ, ಯಾರ ಹಿಂದೆಯೂ ಅಲ್ಲ, ತಮ್ಮೊಬ್ಬರನ್ನೇ ಒಬ್ಬರು ಇಷ್ಟು ಹೊತ್ತು ನೋಡುತ್ತಾರೆ ಎಂಬುದು ಅವರಿಗೆ ಸಣ್ಣ ಸಂಗತಿಯಾಗಿರಲಿಲ್ಲ. ಐದನೇ ದಿನದಿಂದ ನಾಲ್ಕು ಗಂಟೆಗೇ ಸಾರು ಮುಗಿಸಿ, ಮುಖ ತೊಳೆದು, ಕುರ್ಚಿಯಲ್ಲಿ ಕಾದು ಕೂರತೊಡಗಿದರು.

“ಬಿಂದು ಬರಕ್ಕೆ ಇನ್ನೂ ಮುಕ್ಕಾಲು ಗಂಟೆ ಇದೆ,” ಅಣ್ಣಪ್ಪನವರು ಛೇಡಿಸುತ್ತಿದ್ದರು. “ಈಗಲೇ ಯಾಕೆ ಸ್ಟ್ಯಾಚು ಆಗಿದ್ದೀಯಾ?”

“ಪ್ರಾಕ್ಟೀಸು. ಮಾತಾಡಿಸಬೇಡಿ, ತುಟಿ ಅಲ್ಲಾಡುತ್ತೆ.”

ತಗಡಿನ ಕೆಳಮೂಲೆಯಲ್ಲಿ ಹಿಮಬಿಂದು ತನ್ನ ಹೆಸರನ್ನು ಹಿಂದುಮುಂದಾಗಿ, ತಲೆಕೆಟ್ಟವರ ಬರಹದ ಹಾಗೆ ಕೊರೆದಳು. ಒತ್ತಿದಾಗ ಸರಿಯಾಗಿ ಬರಬೇಕಾದರೆ ಹಾಗೇ ಬರೆಯಬೇಕಂತೆ. ಹಿಂದಿನ ವರ್ಷ ಸೀನಿಯರ್ ಒಬ್ಬ ಅದನ್ನು ಮರೆತಾಗ ಇಡೀ ತರಗತಿ ನಕ್ಕಿತ್ತಂತೆ. ತಾನು ಮರೆಯಲಿಲ್ಲ ಎಂದು ಹುಡುಗಿಗೆ ಬಹಳ ಹೆಮ್ಮೆ. ಹೆಸರನ್ನು ಅಷ್ಟು ಜೋಪಾನ ಮಾಡಿದವಳು ಮುಖವನ್ನು ಮಾತ್ರ ಕಂಡದ್ದು ಕಂಡ ಹಾಗೇ ಗೀರಿದ್ದಳು.

ಮೊದಲ ಪ್ರತಿ ಒತ್ತಿ ತಂದ ದಿನ ಅನಸೂಯಮ್ಮ ಕೈ ಒರೆಸಿಕೊಂಡು ನೋಡಿದರು. ಬಹಳ ಹೊತ್ತು ನೋಡಿದರು. ಗೆರೆಗಳು ಅಲ್ಲಲ್ಲಿ ಒರಟು, ಒಂದು ಕಿವಿ ಸ್ವಲ್ಪ ದೊಡ್ಡದು, ಹಿನ್ನೆಲೆಯಲ್ಲಿ ಮಳೆ ಬಿದ್ದಂತೆ ಕಲೆ. ಆದರೆ ಮುಖ ಮಾತ್ರ ದಿನಾ ಬೆಳಿಗ್ಗೆ ಕುಂಕುಮ ಇಟ್ಟುಕೊಳ್ಳುವಾಗ ಎದುರಿಗೆ ಕಾಣುವ ಅದೇ ಮುಖ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ನಗುವ ಮೊದಲೇ ನಗುವ ಗೀಟು ಕೂಡ.

“ನಾನೇ ಕಣೇ,” ಎಂದರು.

ಅಣ್ಣಪ್ಪನವರು ಕನ್ನಡಕ ಏರಿಸಿ ಇಳಿಸಿ, ಚಿತ್ರವನ್ನೂ ಹೆಂಡತಿಯನ್ನೂ ನೋಡಿದರು. “ಚೆನ್ನಾಗಿದೆ. ಆದ್ರೆ ಏನೋ ಒಂದು ಟ್ಯಾಲಿ ಆಗ್ತಿಲ್ಲ.”

“ನಿಮಗೆ ಬ್ಯಾಂಕ್ ಬಿಟ್ರೂ ಸಹಿ ನೋಡೋ ಚಾಳಿ ಬಿಡಲ್ಲ.”

“ಇರಬಹುದು ಮಾರಾಯ್ತಿ,” ಎಂದು ಅವರು ಪೇಪರಿಗೆ ಹಿಂದಿರುಗಿದರು.

ಮಾರನೆಯ ದಿನ ಅನಾಹುತವಾಯಿತು. ಹಿನ್ನೆಲೆ ಇನ್ನಷ್ಟು ಕಪ್ಪಾಗಲಿ ಎಂದು ಹಿಮಬಿಂದು ತಗಡನ್ನು ಮತ್ತೆ ಆಸಿಡ್ಡಿಗೆ ಹಾಕಿ, ಕ್ಯಾಂಟೀನಿನಲ್ಲಿ ಗೆಳತಿ ಶ್ರಾವಣಿಯ ಹುಟ್ಟುಹಬ್ಬದ ಕೇಕು ತಿನ್ನುತ್ತ ಕೂತಳು. ಬಂದು ನೋಡಿದರೆ ಕೆನ್ನೆ, ಗಲ್ಲ, ಅರ್ಧ ಹಣೆ ಎಲ್ಲ ಒಂದೇ ಗುಂಡಿ. ತಗಡು ಹೋಯಿತು. ಇನ್ನು ಪ್ರತಿ ತೆಗೆಯುವಂತಿಲ್ಲ. ಉಳಿದದ್ದು ಆ ಒಂದೇ ಕಾಗದ.

ಆ ಕಾಗದ ವಿದ್ಯಾರ್ಥಿಗಳ ಪ್ರದರ್ಶನಕ್ಕೆಂದು ಆಯ್ಕೆಯಾಗಿ ವಿಜಯವಾಡಕ್ಕೆ ಹೋಯಿತು. ಮೂರು ದಿನ ಪ್ರದರ್ಶನ. ಮುಗಿದ ಮೇಲೆ ಆ ಊರಿನವರ ಚಿತ್ರಗಳನ್ನು ಮನೆಯವರಿಗೇ ಕೊಟ್ಟು ಕಳಿಸುವುದು ಎಂದಿತ್ತು. ಮೊದಲ ದಿನ ಮಧ್ಯಾಹ್ನ ಅನಸೂಯಮ್ಮನ ಫೋನು ಬಡಿದುಕೊಂಡಿತು. ಅಕ್ಕ.

“ಅನೂ! ನೋಡಿದ್ಯೇನೇ? ನಿಂಗೂ ಹೇಳಿಲ್ವಾ ಕಳ್ಳಿ?”

“ಏನನ್ನ ಅಕ್ಕ?”

“ಬಿಂದು ನನ್ನ ಮುಖ ಬರೆದಿದಾಳೆ ಕಣೇ! ನಾನು ಎದುರಿಗೇ ಇಲ್ಲ, ಮೂರು ತಿಂಗಳಿಂದ ಕಣ್ಣಿಗೂ ಬಿದ್ದಿಲ್ಲ, ಮನಸ್ಸಲ್ಲಿ ಇಟ್ಕೊಂಡು ಬರೆದಿದಾಳೆ! ಬೀದಿಗೆ ಬೀದಿಯೇ ಹೋಗಿ ನೋಡ್ಕೊಂಡು ಬಂದ್ವಿ. ಪಕ್ಕದ ಮನೆ ಗಂಗಾಭವಾನಿ ಅಂತೂ ಅಲ್ಲೇ ಅತ್ತುಬಿಟ್ಲು. ನಾನೂ ಅತ್ತೆ. ನಿಮ್ಮ ಭಾವನಿಗೆ ಕೂಡ ಕಣ್ಣಲ್ಲಿ ನೀರು, ಧೂಳು ಬಿತ್ತು ಅಂದ್ರು.”

ಅನಸೂಯಮ್ಮ ಬಾಯಿ ತೆರೆದರು. ಅಷ್ಟರಲ್ಲಿ ಅಕ್ಕ ಎಂಟು ಮಾತು ಮುಂದೆ ಹೋಗಿದ್ದರು. ಫ್ರೇಮು ಎಂಥದ್ದು, ಹಜಾರದಲ್ಲಿ ಯಾವ ಗೋಡೆ, ಮೊಳೆ ಯಾರು ಹೊಡೆಯಬೇಕು. ಕೊನೆಗೆ ಅನಸೂಯಮ್ಮನಿಗೆ ಆಡಲು ಸಿಕ್ಕಿದ್ದು “ಹೂಂ ಅಕ್ಕ” ಎಂಬುದೊಂದೇ. ಅರವತ್ತು ವರ್ಷ ಆಡಿ ಆಡಿ ನುಣುಪಾದ ಮಾತು ಅದು.

ಸಂಜೆ ಹಿಮಬಿಂದು ಬಂದಾಗ ಚಿಕ್ಕಜ್ಜಿ ಬೆತ್ತದ ಕುರ್ಚಿಯಲ್ಲಿ ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು.

“ನಿಜ ಹೇಳು ಬಿಂದು. ಬರೆಯೋವಾಗ ನಿನ್ನ ಮನಸ್ಸಲ್ಲಿ ಇದ್ದದ್ದು ಅವಳಾ, ನಾನಾ?”

ಹುಡುಗಿಗೆ ತಲೆಬುಡ ತಿಳಿಯಲಿಲ್ಲ. ಫೋನಿನಲ್ಲಿದ್ದ ಚಿತ್ರದ ಫೋಟೋ ತೆಗೆದಳು, ಚಿಕ್ಕಜ್ಜಿಯ ಮುಖದ ಪಕ್ಕ ಹಿಡಿದಳು. ಮೂಗು ನೋಡಿದಳು. ಮತ್ತೆ ಮೂಗು ನೋಡಿದಳು. ಮೆಲ್ಲಗೆ ನೆಲದ ಮೇಲೆ ಕೂತಳು.

“ಅಯ್ಯೋ ದೇವುಡಾ. ಉಲ್ಟಾ.”

“ಏನು ಉಲ್ಟಾ?”

“ಎಲ್ಲಾ! ಒತ್ತಿದ್ರೆ ಎಡ ಬಲ ಆಗುತ್ತೆ. ಸರ್ ಮೊದಲನೇ ಕ್ಲಾಸಲ್ಲೇ ಹೇಳಿದ್ರು. ನಾನು ನನ್ನ ಹೆಸರು ಒಂದೇ ನೆನಪಿಟ್ಕೊಂಡೆ.”

ಅಣ್ಣಪ್ಪನವರು ತೊಡೆ ತಟ್ಟಿದರು. “ರಬ್ಬರ್ ಸ್ಟ್ಯಾಂಪು! ಮೂವತ್ತೈದು ವರ್ಷ ಒತ್ತಿದೀನಿ, ಸೀಲಿನಲ್ಲಿ ಅಕ್ಷರ ಉಲ್ಟಾ ಇದ್ರೇನೇ ಕಾಗದದ ಮೇಲೆ ಸರಿ. ನಾನು ಹೇಳ್ಲಿಲ್ವಾ, ಟ್ಯಾಲಿ ಆಗ್ತಿಲ್ಲ ಅಂತ? ಮೂಗುತಿ ಬಲಕ್ಕೆ ಹೋಗಿದೆ!”

“ಹಾಗಾದ್ರೆ ನಂಗ್ಯಾಕೆ ಗೊತ್ತಾಗ್ಲಿಲ್ಲ?” ಎಂದರು ಅನಸೂಯಮ್ಮ.

“ನೀನು ನಿನ್ನನ್ನ ನೋಡಿರೋದು ಕನ್ನಡೀಲಿ ತಾನೇ? ಅದೂ ಉಲ್ಟಾನೇ. ನಿಂಗೆ ಸರಿ ಕಂಡಿದ್ದು ಊರಿಗೆಲ್ಲಾ ನಿಮ್ಮಕ್ಕನ ಥರ ಕಂಡಿದೆ.”

ಹುಡುಗಿ ಬರೆದದ್ದು ತನ್ನನ್ನೇ ಎಂಬ ಸಮಾಧಾನ ಅನಸೂಯಮ್ಮನಿಗೆ ಮೊದಲು ಬಂತು. ಅದರ ಬೆನ್ನಿಗೇ ಇನ್ನೊಂದು ಬಂತು. ಲಂಗ ಹೋಗಲಿ, ಪುಸ್ತಕ ಹೋಗಲಿ, ಮದುವೆಯ ಆಲ್ಬಮ್ಮಿನ ನಾಲ್ಕು ಪುಟವೂ ಹೋಗಲಿ. ಇದು ಹದಿನಾಲ್ಕು ಸಂಜೆ ಬೆನ್ನು ನೋಯಿಸಿಕೊಂಡು ಕೂತ ಮುಖ.

“ನಾನಮ್ಮಂಗೆ ನಾನು ಹೇಳ್ತೀನಿ,” ಎಂದು ಹಿಮಬಿಂದು ಅಳುಮುಖ ಮಾಡಿದಳು. ಆದರೆ ಫೋನು ಮುಟ್ಟಲಿಲ್ಲ. ಅಷ್ಟು ಸಂಭ್ರಮದಲ್ಲಿರುವ ನಾನಮ್ಮನಿಗೆ ಅದು ನೀನಲ್ಲ ಎನ್ನುವುದು ಹೇಗೆ?

“ಬಿಡೇ ಅನಸೂಯಾ,” ಅಣ್ಣಪ್ಪನವರು ಮೆತ್ತಗೆ ಹೇಳಿದರು. “ಒಂದು ಕಾಗದ ತಾನೇ?”

“ಬಿಡಲ್ಲ. ನಾನೇ ಹೋಗ್ತೀನಿ. ಹೋಗಿ ನನ್ನ ಮುಖ ನನಗೆ ಕೊಡು ಅಂತ ಕೇಳ್ತೀನಿ.”

“ಕೇಳಕ್ಕೆ ಅವಳು ಮಾತು ನಿಲ್ಲಿಸಬೇಕಲ್ಲ.”

ಪ್ರದರ್ಶನ ಮುಗಿದ ವಾರಕ್ಕೆ ಅನಸೂಯಮ್ಮ ಹಿಮಬಿಂದುವನ್ನು ಜೊತೆಗಿಟ್ಟುಕೊಂಡು ಮಧ್ಯಾಹ್ನದ ರತ್ನಾಚಲ್ ರೈಲು ಹತ್ತಿದರು. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಜೋಡಿಸಿಕೊಂಡರು. ತುನಿಯ ಹೊತ್ತಿಗೆ ಮಾತು ಬಹಳ ಗಟ್ಟಿಯಾಗಿತ್ತು: ‘ಅಕ್ಕ, ಅದು ನಾನು. ಕೊಡು.’ ಗೋದಾವರಿ ಸೇತುವೆ ದಾಟುವಾಗ ಸ್ವಲ್ಪ ಮೆದುವಾಯಿತು: ‘ಅಕ್ಕ, ತಪ್ಪು ತಿಳ್ಕೋಬೇಡ.’ ಏಲೂರು ದಾಟಿದ ಮೇಲೆ, “ನೀನೇ ಶುರು ಮಾಡ್ತೀಯೇನೇ?” ಎಂದು ಹುಡುಗಿಯನ್ನು ಕೇಳಿದರು. ಹುಡುಗಿ ನಿದ್ದೆ ಬಂದವಳಂತೆ ಕಣ್ಣು ಮುಚ್ಚಿದಳು.

ಭ್ರಮರಾಂಬನ ಮನೆ ಇಂದ್ರಕೀಲಾದ್ರಿಯ ಬುಡದಲ್ಲಿ, ಒನ್ ಟೌನಿನ ಹಳೆಯ ಬೀದಿಯಲ್ಲಿ. ಹಜಾರಕ್ಕೆ ಕಾಲಿಟ್ಟರೆ ಎದುರು ಗೋಡೆಯಲ್ಲಿ ಮಾವ, ಅತ್ತೆ, ಅತ್ತೆಯ ಅತ್ತೆ, ಮೂವರೂ ಗಂಧದ ಹಾರ ಹಾಕಿಕೊಂಡು ಸಾಲಾಗಿದ್ದಾರೆ. ಆ ಸಾಲಿನ ಕೊನೆಗೆ, ಹೊಸ ಫ್ರೇಮಿನಲ್ಲಿ, ಗಾಜಿಗೆ ಒಂದು ಬೊಟ್ಟು ಕುಂಕುಮ ಹಚ್ಚಿಸಿಕೊಂಡು ಅನಸೂಯಮ್ಮನ ಮುಖ.

“ಬದುಕಿರೋರ್ನ ಇಲ್ಲಿ ನೇತು ಹಾಕ್ತಾರೇನೇ ಅಕ್ಕ?” ಎಂದು ಬಾಯಿಗೆ ಬಂತು. ಜೋಡಿಸಿಟ್ಟ ಮಾತು ಮಾತ್ರ ಬರಲಿಲ್ಲ.

“ಮುಂದಕ್ಕೆ ಹೇಗೂ ಅಲ್ಲೇ ತಾನೇ? ಈಗಲೇ ಜಾಗ ಹಿಡಿದಿಟ್ಟಿದೀನಿ,” ಎಂದು ಭ್ರಮರಾಂಬ ನಕ್ಕರು. “ಬಾ, ಕಾಲು ತೊಳ್ಕೋ. ಏನೇ ಇಷ್ಟು ಇಳಿದುಹೋಗಿದೀಯಾ? ಅಣ್ಣಪ್ಪ ಊಟ ಹಾಕ್ತಿಲ್ವಾ?”

ಆ ಸಂಜೆ ಹೇಳಲಾಗಲಿಲ್ಲ. ಮಾರನೆಯ ಬೆಳಿಗ್ಗೆ ಪೆಸರಟ್ಟು ಹಾಕುವಾಗ, “ಅಕ್ಕ, ಒಂದು ವಿಷಯ” ಎಂದರು. “ಶುಂಠಿ ಚಟ್ನಿ ತಾನೇ? ಮಾಡಿದೀನಿ, ತಗೋ” ಎಂದು ತಟ್ಟೆಗೆ ಬಿತ್ತು. ಹೂ ಕಟ್ಟುವಾಗ ಇನ್ನೊಂದು ಸಲ ಶುರು ಮಾಡಿದರು. ಅಕ್ಕ ಅದೇ ಹೊತ್ತಿಗೆ ಹಿರಿಯೂರಿನ ವಿಷಯ ಎತ್ತಿ ಇಬ್ಬರೂ ಅರ್ಧ ಗಂಟೆ ನಕ್ಕರು. ಅಕ್ಕನ ಜೊತೆ ನಗುವುದು ಅನಸೂಯಮ್ಮನಿಗೆ ಮೊದಲಿನಿಂದಲೂ ಸುಖ. ತೊಂದರೆ ಇದ್ದದ್ದೇ ಅಲ್ಲಿ.

ಹನ್ನೊಂದರ ಹೊತ್ತಿಗೆ ಪಕ್ಕದ ಮನೆಯ ಗಂಗಾಭವಾನಿ ತನ್ನ ತಂಗಿ ರಾಜ್ಯಶ್ರೀಯನ್ನು ಕರೆದುಕೊಂಡು ಬಂದಳು. ಚಿತ್ರ ತೋರಿಸಲೆಂದೇ ಬಂದದ್ದು. ಇಬ್ಬರೂ ಗೋಡೆಯ ಮುಂದೆ ನಿಂತರು.

“ಅಚ್ಚಂ ಮೀರೇ ಅಂಡಿ!” ಎಂದಳು ರಾಜ್ಯಶ್ರೀ. ಥೇಟ್ ನೀವೇ ಎಂದು. ಆಮೇಲೆ ಮರ್ಯಾದೆಗೆ ಅನಸೂಯಮ್ಮನ ಕಡೆ ತಿರುಗಿ, “ಮೀರು ವಾಳ್ಳ ಚೆಲ್ಲೆಲಾ?” ಎಂದು ಕೇಳಿದಳು. ನೀವು ಇವರ ತಂಗಿಯಾ?

ಅರವತ್ತಮೂರನೇ ವಯಸ್ಸಿನಲ್ಲಿ, ತನ್ನದೇ ಮುಖದ ಕೆಳಗೆ ನಿಂತು, ಭ್ರಮರಾಂಬನ ತಂಗಿಯಾ ಎಂದು ಕೇಳಿಸಿಕೊಳ್ಳುವುದು!

“ಅದು ನಾನು,” ಎಂದರು ಅನಸೂಯಮ್ಮ.

ಹೇಳಿದ್ದು ಕನ್ನಡದಲ್ಲಿ, ಸ್ವಲ್ಪ ಜೋರಾಗಿ. ಮೂವರೂ ತಿರುಗಿದರು. ಬಾಗಿಲಲ್ಲಿ ಹಿಮಬಿಂದು ಉಗುರು ಕಚ್ಚಿದಳು. ಅನಸೂಯಮ್ಮ ಮತ್ತೊಮ್ಮೆ ತೆಲುಗಿನಲ್ಲಿ ಹೇಳಿದರು: “ಅದಿ ನೇನು.”

ಭ್ರಮರಾಂಬ ಸುಮ್ಮನಾದರು. ಆ ಮನೆಯಲ್ಲಿ ಅದು ಅಪರೂಪದ ಸಂಗತಿ. ಒಳಗಿದ್ದ ರಾಮ್‌ಪ್ರಸಾದರು ಏನಾಯಿತೋ ಎಂದು ಹೊರಗೆ ಬಂದು ನೋಡಿದರು.

“ಮೂಗುತಿ ನೋಡೇ ಅನೂ,” ಎಂದರು ಭ್ರಮರಾಂಬ ಕೊನೆಗೆ. “ಬಲಕ್ಕಿದೆ.”

“ಒತ್ತಿದ್ರೆ ತಿರುಗುತ್ತಂತೆ. ಇವಳು ನನ್ನ ಕೂರಿಸ್ಕೊಂಡು ಬರೆದಿದ್ದು. ಹದಿನಾಲ್ಕು ಸಂಜೆ. ಅವಳ್ನೇ ಕೇಳು.”

ಹಿಮಬಿಂದು ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ತಗಡು, ಆಸಿಡ್ಡು, ರಬ್ಬರ್ ಸ್ಟ್ಯಾಂಪು ಎಲ್ಲವನ್ನೂ ಒಂದೇ ಉಸಿರಿಗೆ ಒದರಿ, “ಸಾರಿ ನಾನಮ್ಮ” ಎಂದು ಮುಗಿಸಿದಳು. ಭ್ರಮರಾಂಬ ಅವಳ ಕಡೆ ನೋಡಲಿಲ್ಲ. ಸ್ಟೂಲು ಎಳೆದು, ಹತ್ತಿ, ಚಿತ್ರವನ್ನು ಮೊಳೆಯಿಂದ ಇಳಿಸಿ ಎದೆಗವಚಿಕೊಂಡು ಒಳಕೋಣೆಗೆ ನಡೆದರು. ಎಲ್ಲರೂ ಹಿಂದೆ ಹೋದರು.

ಬೀರುವಿನ ಬಾಗಿಲಿಗೆ ಆಳೆತ್ತರದ ಕನ್ನಡಿ. ಅದರ ಮುಂದೆ ಭ್ರಮರಾಂಬ ಚಿತ್ರವನ್ನು ಹಿಡಿದರು. ಕನ್ನಡಿಯೊಳಗೆ ಚಿತ್ರದ ಮೂಗುತಿ ಈ ಪಕ್ಕದಿಂದ ಆ ಪಕ್ಕಕ್ಕೆ ಹೋಗಿ ಕೂತಿತು. ಎಡಕ್ಕೆ. ಹೆಗಲ ತುಂಬ ಸೆರಗು ಹೊದ್ದ, ನಗುವ ಮೊದಲೇ ನಗುವ ಅನಸೂಯ ಅಲ್ಲಿದ್ದಳು. ಅದರಲ್ಲಿ ಯಾರಿಗೂ ಸಂಶಯ ಉಳಿಯಲಿಲ್ಲ. ಗಂಗಾಭವಾನಿ ಬಾಯಿಯ ಮೇಲೆ ಕೈಯಿಟ್ಟುಕೊಂಡಳು.

ಆದರೆ ಭ್ರಮರಾಂಬ ಚಿತ್ರವನ್ನು ನೋಡುತ್ತಿರಲಿಲ್ಲ. ಅದರ ಮೇಲೆ, ಕನ್ನಡಿಯಲ್ಲೇ ಕಾಣುತ್ತಿದ್ದ ತಮ್ಮ ಮುಖವನ್ನು ನೋಡುತ್ತಿದ್ದರು. ಅದರಲ್ಲೂ ಮೂಗುತಿ ಎಡಕ್ಕೇ ಇತ್ತು.

“ಏನೇ ಅನೂ,” ಎಂದರು ಮೆಲ್ಲಗೆ, “ಹಾಗಾದ್ರೆ ನಲವತ್ತೈದು ವರ್ಷದಿಂದ ನಾನು ದಿನಾ ಬೆಳಿಗ್ಗೆ ತಲೆ ಬಾಚಿ ಬೊಟ್ಟು ಇಡ್ತಿರೋದು ನಿಂಗೇನಾ?”

ಅನಸೂಯಮ್ಮ ಪಕ್ಕಕ್ಕೆ ಬಂದು ನಿಂತರು. ಕನ್ನಡಿಯಲ್ಲಿ ಅವರ ಮೂಗುತಿ ಬಲಕ್ಕಿತ್ತು. “ನಾನೂ ನಿಂಗೇ ಇಡ್ತಿದೀನಿ,” ಎಂದರು. “ಅದಕ್ಕೇ ಇರಬೇಕು, ಕುಂಕುಮ ಯಾವಾಗಲೂ ಸ್ವಲ್ಪ ಜಾಸ್ತಿ ಆಗುತ್ತೆ.”

ಭ್ರಮರಾಂಬನಿಗೆ ನಗು ಬಂತು. ಆ ನಗು ಬಂದ ಮೇಲೆ ಬಾಯಿ ಮತ್ತೆ ಶುರುವಾಯಿತು. “ನಂಗೂ ಅನುಮಾನ ಇತ್ತು ಬಿಡೇ. ನಾನು ಇಷ್ಟು ಹೊತ್ತು ಬಾಯಿ ಮುಚ್ಕೊಂಡು ಕೂತಿದ್ದು ಯಾವ ಜನ್ಮದಲ್ಲಿ ಅಂತ. ಈ ಗಲ್ಲದ ಕೆಳಗಿನ ಮಡಿಕೆ ನೋಡಿ ದಿನಾ ಬೇಜಾರಾಗ್ತಿತ್ತು. ಸದ್ಯ, ಅದು ನಿಂದು. ಕಿವಿನೂ ನಿಂದೇ. ತಗೋ, ನಿನ್ನ ಸಾಮಾನು ನೀನು ತಗೊಂಡು ಹೋಗು.” ಹಳೆಯ ನೂಲಿನ ಸೀರೆಯೊಂದನ್ನು ಬೀರುವಿನಿಂದ ಎಳೆದು ಸುತ್ತತೊಡಗಿದರು. ಮಾತು ಜೋರಾಗಿಯೇ ಇತ್ತು. ಗಂಟು ಹಾಕುವ ಬೆರಳು ಮಾತ್ರ ಎರಡು ಸಲ ತಪ್ಪಿತು.

ಅನಸೂಯಮ್ಮ ಆ ಬೆರಳುಗಳನ್ನು ನೋಡಿದರು. ಕೇಳಲು ಬಂದದ್ದು ಕೈಗೆ ಬರುತ್ತಿತ್ತು. ನಾಲ್ಕು ಜನರ ಎದುರಿಗೆ, ಅಕ್ಕನ ಬಾಯಿಂದಲೇ ‘ನಿಂದು’ ಎಂದು ಆಗಿತ್ತು. ಅಷ್ಟು ದೂರದಿಂದ ಹೊತ್ತು ತಂದ ಭಾರ ಎಲ್ಲೋ ಇಳಿದುಹೋಗಿತ್ತು. ಇನ್ನು ಇದನ್ನು ದ್ವಾರಕಾ ನಗರಕ್ಕೆ ಒಯ್ದು ಯಾರಿಗೆ ತೋರಿಸುವುದು? ಅಣ್ಣಪ್ಪನವರಿಗೆ? ಅವರು ಪೇಪರಿನಿಂದ ತಲೆಯೆತ್ತಿ ಟ್ಯಾಲಿ ನೋಡುತ್ತಾರೆ.

“ಇಲ್ಲೇ ಇರ್ಲಿ ಅಕ್ಕ.”

“ಅಯ್ಯೋ, ಧರ್ಮಕ್ಕೆ ಬೇಡ.”

“ಧರ್ಮಕ್ಕಲ್ಲ. ಇದು ಹೇಗಿದೆಯೋ ಹಾಗೇ ನಮ್ಮನೇ ಕನ್ನಡೀಲಿ ದಿನಾ ಇರುತ್ತೆ. ಕಾಗದದ ಮೇಲೆ ನೋಡಬೇಕಾದೋರು ಬೇರೆಯವರು. ನಿಮ್ಮನೇಗೆ ಜನ ಬರ್ತಾರೆ. ಆದ್ರೆ ಒಂದು ಷರತ್ತು.” ಅನಸೂಯಮ್ಮ ಅಕ್ಕನಿಗೆ ಷರತ್ತು ಹಾಕಿದ್ದು ಅದೇ ಮೊದಲು, ಅವರ ಕಿವಿ ಕೆಂಪಾಗಿತ್ತು. “ಬಂದೋರಿಗೆಲ್ಲಾ ಇದು ಅನಸೂಯ ಅಂತ ಹೇಳಬೇಕು. ನನ್ನ ತಂಗಿ ಅಂತಲ್ಲ. ಹೆಸರು ಹೇಳಬೇಕು. ಮತ್ತೆ ಆ ಸತ್ತವರ ಸಾಲಿನಿಂದ ಈ ಕಡೆ ಹಾಕು.”

ಭ್ರಮರಾಂಬ ತಂಗಿಯನ್ನು ಮೇಲಿಂದ ಕೆಳಗೆ ನೋಡಿದರು. “ಸೈಲೆಂಟ್ ಮುಖ ಅಂತೆ, ಸೈಲೆಂಟು,” ಎಂದು ಮೊಮ್ಮಗಳಿಗೆ ಹೇಳಿದರು. ಆಮೇಲೆ ಗಂಗಾಭವಾನಿಯ ಕಡೆ ತಿರುಗಿ, ಸರ್ಕಾರಿ ಪ್ರಕಟಣೆ ಓದುವವರ ಹಾಗೆ ಗಂಟಲು ಸರಿಮಾಡಿಕೊಂಡು, “ಈಮೆ ಅನಸೂಯ ಅಂಡಿ” ಎಂದರು. ಇವಳು ಅನಸೂಯ.

ಮಧ್ಯಾಹ್ನವೇ ಚಿತ್ರ ಊಟದ ಮೇಜಿನ ಎದುರು ಗೋಡೆಗೆ ಬಂತು. ಮೊಳೆ ಹೊಡೆದದ್ದು ರಾಮ್‌ಪ್ರಸಾದರು, ಸ್ವಲ್ಪ ಓರೆಯಾಗಿದೆ. ಹಿಮಬಿಂದು ಈಗ ನಾನಮ್ಮನ ಮುಖವನ್ನು ಬರೆಯಲು ಹೊರಟಿದ್ದಾಳೆ. ಈ ಸಲ ಫೋನಿನ ವಿಡಿಯೋದಲ್ಲಿ ನಾನಮ್ಮನನ್ನು ಕೂರಿಸಿ, ಅದನ್ನು ಕನ್ನಡಿಯಲ್ಲಿ ನೋಡಿಕೊಂಡು ಬರೆಯುತ್ತಾಳಂತೆ. ಮೂರು ತಗಡು ಹಾಳಾಗಿವೆ. ಎಲ್ಲದರಲ್ಲೂ ಮೂಗುತಿ ಸರಿಯಾದ ಕಡೆಗೇ ಇದೆ. ಬಾಯಿ ಇರುವ ಜಾಗದಲ್ಲಿ ಏಳೆಂಟು ಬಾಯಿಗಳಿವೆ. ಅದೇ ಒಳ್ಳೆಯ ಚಿತ್ರ, ಹಾಗೇ ಬಿಡು ಎಂದು ಅವಳ ಮೇಷ್ಟ್ರು ಹೇಳಿದರಂತೆ.

ಷರತ್ತನ್ನು ಭ್ರಮರಾಂಬ ಪಾಲಿಸುತ್ತಿದ್ದಾರೆ ಎಂದು ಅನಸೂಯಮ್ಮ ನಂಬಿದ್ದಾರೆ. ವಾರಕ್ಕೊಮ್ಮೆ ಅಕ್ಕ ಫೋನು ಮಾಡಿ, “ಇವತ್ತು ಹಾಲಿನ ಬಾಬ್ಜಿಗೂ ಹೇಳಿದೆ ಕಣೇ, ಅನಸೂಯ ಅಂತ” ಎಂದು ವರದಿ ಒಪ್ಪಿಸುತ್ತಾರೆ. ಅಣ್ಣಪ್ಪನವರು ಅದನ್ನು ಕೇಳಿ ಪೇಪರಿನ ಹಿಂದೆ ನಗುತ್ತಾರೆ. ಹುಡುಗಿ ಪರೀಕ್ಷೆಯ ಓದಿನಲ್ಲಿದ್ದಾಳೆ, ವಿಜಯವಾಡಕ್ಕೆ ಹೋಗಿಲ್ಲ. ಅನಸೂಯಮ್ಮ ಇಲ್ಲದಾಗ, ಗೊತ್ತಿಲ್ಲದ ಯಾರೋ ಒಬ್ಬರು ಆ ಗೋಡೆಯ ಮುಂದೆ ನಿಂತು, ಮೂಗಿನ ಮೇಲೆ ಕಣ್ಣಾಡಿಸಿ, “ಥೇಟ್ ನೀವೇ” ಎಂದಾಗ ಭ್ರಮರಾಂಬ ಏನೆನ್ನುತ್ತಾರೆ? ಕೇಳಬಹುದಾಗಿದ್ದವಳು ಗಂಗಾಭವಾನಿ ಒಬ್ಬಳೇ; ಅವಳನ್ನು ಕೇಳಲು ನನಗೆ ಧೈರ್ಯ ಬರಲಿಲ್ಲ. ಹಾಗಾಗಿ ಅದು ನನಗೆ ಗೊತ್ತಿಲ್ಲ.